ಗಿಡದ್ದೇ ಅಲ್ವಾ, ಏನಾಗತ್ತೆ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಇತ್ತೀಚೆಗೆ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರುತ್ತಿದೆ. ಬರೆಯುವವರು ಹೆಚ್ಚಾಗಿ 45ರಿಂದ 55ರ ನಡುವಿನ ಹೆಂಗಸರು. ಊಟ ಮೊದಲಿನಷ್ಟೇ, ಮನೆಗೆಲಸವೂ ಮೊದಲಿನಷ್ಟೇ. ಆದರೂ ಹೊಟ್ಟೆಯ ಸುತ್ತ ಬೊಜ್ಜು ಸೇರುತ್ತಿದೆ, ರವಿಕೆಗಳು ಬಿಗಿಯಾಗುತ್ತಿವೆ, ರಾತ್ರಿ ಬೆವರಿ ಎಚ್ಚರವಾಗುತ್ತದೆ, ರಕ್ತಪರೀಕ್ಷೆ ಮಾಡಿಸಿದರೆ ಸಕ್ಕರೆ ‘ಬಾರ್ಡರ್’ನಲ್ಲಿದೆ ಅನ್ನುತ್ತಾರೆ. ಇಷ್ಟನ್ನೆಲ್ಲ ಹೇಳಿಕೊಂಡ ಮೇಲೆ ಅಸಲು ಮಾತು ಬರುತ್ತದೆ: “ಮೊಬೈಲಿನಲ್ಲಿ ಒಂದು ಗಿಡಮೂಲಿಕೆ ಕ್ಯಾಪ್ಸೂಲಿನ ಜಾಹೀರಾತು ನೋಡಿದೆ. ತಗೋಬಹುದಾ? ಗಿಡದ್ದೇ ಅಲ್ವಾ, ಏನಾಗತ್ತೆ?”

ಮೊದಲಿಗೆ ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ದೂರು ಸುಳ್ಳಲ್ಲ. ‘ಕೂತು ತಿಂದರೆ ಇನ್ನೇನಾಗುತ್ತೆ’ ಎಂದು ಮನೆಯವರು ತಳ್ಳಿಹಾಕುವಂಥದ್ದೂ ಅಲ್ಲ. ನಮ್ಮ ದೇಶದ ಹೆಂಗಸರಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47ರ ಆಸುಪಾಸು. ಪಾಶ್ಚಾತ್ಯ ದೇಶಗಳಲ್ಲಿ ಅದು 51ರ ಸುಮಾರು. ಅದಕ್ಕೂ ಕೆಲವು ವರ್ಷ ಮೊದಲೇ ಈಸ್ಟ್ರೋಜನ್ ಹಾರ್ಮೋನು ಏರಿಳಿಯತೊಡಗಿ, ಆಮೇಲೆ ತಗ್ಗಿಬಿಡುತ್ತದೆ. ಅದು ಚೆನ್ನಾಗಿದ್ದ ಕಾಲದಲ್ಲಿ ಕೊಬ್ಬು ಹೆಚ್ಚಾಗಿ ಸೊಂಟ ತೊಡೆಗಳಲ್ಲಿ, ಚರ್ಮದ ಕೆಳಗೆ ಕೂರುತ್ತದೆ. ತಗ್ಗಿದ ಮೇಲೆ ಅದೇ ಕೊಬ್ಬು ಹೊಟ್ಟೆಯೊಳಗೆ, ಕರುಳು ಮತ್ತು ಲಿವರಿನ ಸುತ್ತ ಸೇರುತ್ತದೆ. ಅಲ್ಲಿ ಸೇರಿದ ಕೊಬ್ಬು ಸುಮ್ಮನಿರುವುದಿಲ್ಲ. ಇನ್ಸುಲಿನ್ನಿಗೆ ಲಿವರ್ ಸರಿಯಾಗಿ ಸ್ಪಂದಿಸದ ಹಾಗೆ ಮಾಡುತ್ತದೆ. ಇದೇ ಹೊತ್ತಿಗೆ ಸ್ನಾಯುವೂ ಕರಗುತ್ತಿರುತ್ತದೆ. ಉಂಡ ಅನ್ನದ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯು. ಅದು ಕಡಿಮೆಯಾದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಕೊನೆಯ ಮುಟ್ಟಿನ ಹಿಂದುಮುಂದಿನ ವರ್ಷದಲ್ಲೇ ಕೆಟ್ಟ ಕೊಲೆಸ್ಟರಾಲ್ ಆದ ಎಲ್‌ಡಿಎಲ್ ಜಿಗಿಯುವುದನ್ನು ಅಮೆರಿಕದಲ್ಲಿ ಬಹುಕಾಲ ನಡೆದ ‘ಸ್ವಾನ್’ ಅಧ್ಯಯನ ದಾಖಲಿಸಿದೆ. ಅಂದರೆ ಊಟ ಬದಲಾಗದೆಯೂ ಮೈ ಬದಲಾಗುತ್ತದೆ.

ಇದನ್ನು ಹಗುರವಾಗಿ ಕಾಣುವ ಹಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ‘ಇಂಡಿಯಾಬ್’ ಅಧ್ಯಯನ 2023ರಲ್ಲಿ ಹೊರಬಂದಾಗ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ, ಇನ್ನೂ 13.6 ಕೋಟಿ ಜನರಿಗೆ ಅದರ ಹಿಂದಿನ ಹಂತ ಇದೆಯೆಂದು ಅಂದಾಜಿಸಿತ್ತು. ಆ ಎರಡನೆಯ ಗುಂಪಿನಲ್ಲಿರುವವರಿಗೆ ಇನ್ನೂ ದಾರಿ ತೆರೆದಿದೆ. ನನಗೆ ಪತ್ರ ಬರೆಯುವವರಲ್ಲಿ ಬಹಳಷ್ಟು ಮಂದಿ ಇಂಥವರೇ. ಈ ಹಂತದಲ್ಲಿ ಅವರು ಯಾವ ದಾರಿ ಹಿಡಿಯುತ್ತಾರೆ ಅನ್ನುವುದು ಮುಂದಿನ ಇಪ್ಪತ್ತು ಮೂವತ್ತು ವರ್ಷಗಳ ಆರೋಗ್ಯವನ್ನು ನಿರ್ಧರಿಸುತ್ತದೆ. ಅದಕ್ಕೇ ಈ ಪ್ರಶ್ನೆಗೆ ‘ಬೇಡ’ ಎಂಬ ಒಂದು ಪದದ ಉತ್ತರ ಕೊಟ್ಟು ಸುಮ್ಮನಾಗಲು ಮನಸ್ಸು ಬರುವುದಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟು: ‘ಗಿಡದ್ದೋ ಅಲ್ಲವೋ’ ಎಂದು ಕೇಳುವುದರಿಂದ ಏನೂ ತಿಳಿಯುವುದಿಲ್ಲ. ಗಿಡದ ಯಾವ ಭಾಗ, ಎಷ್ಟು ಪ್ರಮಾಣ, ಹೇಗೆ ತೆಗೆದದ್ದು, ಬೇರೆ ಯಾವ ಮಾತ್ರೆಯ ಜೊತೆ ಹೊಟ್ಟೆಗೆ ಹೋಗುತ್ತಿದೆ, ಇವನ್ನು ಕೇಳಬೇಕು. ಒಂದೊಂದನ್ನೂ ಹಿಡಿದು ನೋಡೋಣ.

ಮೆಂತ್ಯದಿಂದ ಶುರುಮಾಡೋಣ. ರಾತ್ರಿ ಒಂದು ಚಮಚ ಮೆಂತ್ಯ ನೆನೆಹಾಕಿ ಬೆಳಿಗ್ಗೆ ನೋಡಿ, ಕಾಳಿನ ಸುತ್ತ ಲೋಳೆ ಬಂದಿರುತ್ತದೆ. ಅದು ನೀರಿನಲ್ಲಿ ಕರಗುವ ನಾರು. ಕರುಳಿನಲ್ಲೂ ಹೀಗೇ ಲೋಳೆಯಾಗಿ, ಊಟದ ಸಕ್ಕರೆ ರಕ್ತಕ್ಕೆ ಇಳಿಯುವುದನ್ನು ನಿಧಾನ ಮಾಡುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಇದನ್ನು ದಶಕಗಳ ಹಿಂದೆಯೇ ಪರೀಕ್ಷೆಗೆ ಒಡ್ಡಿದರು. 1990ರಲ್ಲಿ ಪ್ರಕಟವಾದ ಅವರ ಒಂದು ಪ್ರಯೋಗದಲ್ಲಿ ಕೊಟ್ಟದ್ದು ದಿನಕ್ಕೆ 100 ಗ್ರಾಂ, ಎಣ್ಣೆ ತೆಗೆದ ಮೆಂತ್ಯದ ಪುಡಿ. ಆಮೇಲೆ ಎರಡನೇ ಬಗೆಯ ಮಧುಮೇಹದವರಿಗೆ ದಿನಕ್ಕೆ 25 ಗ್ರಾಂ ಕೊಟ್ಟು ನೋಡಿದರು. ಸಕ್ಕರೆ ಇಳಿಯಿತು. ಆದರೆ ಪ್ರಮಾಣವನ್ನು ಗಮನಿಸಿ. 25 ಗ್ರಾಂ ಅಂದರೆ ಎರಡು ದೊಡ್ಡ ಚಮಚ ಮೀರುತ್ತದೆ. ನಾವು ನೆನೆಹಾಕುವ ಒಂದು ಸಣ್ಣ ಚಮಚ ನಾಲ್ಕೈದು ಗ್ರಾಮಿಗಿಂತ ಹೆಚ್ಚಿರುವುದಿಲ್ಲ. ಹಾಗಾಗಿ ಮೆಂತ್ಯದ ನೀರು ಕುಡಿದೇ ಸಕ್ಕರೆ ಹತೋಟಿಗೆ ಬಂತು ಅನ್ನುವವರ ಮಾತನ್ನು ಪೂರ್ತಿ ನಂಬಬೇಕಿಲ್ಲ. ಮೆಂತ್ಯದಿಂದ ಏನೂ ಆಗದು ಅನ್ನಬೇಕಾಗಿಯೂ ಇಲ್ಲ. ನೀರನ್ನಷ್ಟೇ ಕುಡಿದು ಕಾಳು ಚೆಲ್ಲಬೇಡಿ, ನಾರು ಇರುವುದು ಕಾಳಿನಲ್ಲಿ. ದೋಸೆ ಹಿಟ್ಟಿಗೆ, ಪಲ್ಯಕ್ಕೆ, ಮೊಳಕೆ ಬರಿಸಿ ಕೋಸಂಬರಿಗೆ ಹಾಕಿ ತಿನ್ನಿ.

ಇಸಬ್ಗೋಲಿಗೆ ಇದಕ್ಕಿಂತಲೂ ಗಟ್ಟಿ ಪುರಾವೆ ಇದೆ. ಗುಜರಾತಿನ ಉಂಝಾ ಮಾರುಕಟ್ಟೆಯಿಂದ ಜಗತ್ತಿಗೆಲ್ಲ ಹೋಗುವ ಈ ಹೊಟ್ಟನ್ನು ನಾವು ಮಲಬದ್ಧತೆಯ ಮದ್ದೆಂದಷ್ಟೇ ಬಲ್ಲೆವು. ದಿನಕ್ಕೆ ಇದರ 7 ಗ್ರಾಂ ಕರಗುವ ನಾರು ಹೊಟ್ಟೆಗೆ ಹೋದರೆ ಹೃದಯಕ್ಕೆ ಒಳ್ಳೆಯದು ಎಂದು ಪೊಟ್ಟಣದ ಮೇಲೆ ಬರೆದುಕೊಳ್ಳಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1998ರಲ್ಲೇ ಅನುಮತಿ ಕೊಟ್ಟಿದೆ. ಎಲ್‌ಡಿಎಲ್ ಅನ್ನು ಇದು ಸಾಧಾರಣ ಮಟ್ಟಿಗೆ ಇಳಿಸುತ್ತದೆ, ಊಟದ ನಂತರದ ಸಕ್ಕರೆಯನ್ನೂ ಸ್ವಲ್ಪ ತಗ್ಗಿಸುತ್ತದೆ. ಒಂದು ದೊಡ್ಡ ಲೋಟ ನೀರಿನಲ್ಲಿ ಕಲಸಿ ಕೂಡಲೇ ಕುಡಿಯಬೇಕು. ನೀರು ಕಡಿಮೆಯಾದರೆ ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳುವ ಅಪಾಯವಿದೆ. ಬೆಳಿಗ್ಗೆ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಇಸಬ್ಗೋಲನ್ನು ಕನಿಷ್ಠ ನಾಲ್ಕು ಗಂಟೆ ತಡವಾಗಿ ಕುಡಿಯಬೇಕು, ಇಲ್ಲದಿದ್ದರೆ ಮಾತ್ರೆ ಮೈಗೆ ಹತ್ತುವುದಿಲ್ಲ. ಉತ್ತರ ಕರ್ನಾಟಕದ ಊಟದಲ್ಲಿರುವ ಅಗಸಿ ಚಟ್ನಿಪುಡಿಯೂ ಇದೇ ಸಾಲಿಗೆ ಸೇರಬೇಕಾದದ್ದು. ಅಗಸೆಯನ್ನು ಹುರಿದು ಪುಡಿಮಾಡಿಯೇ ತಿನ್ನಬೇಕು; ಇಡೀ ಕಾಳು ಕರುಳಲ್ಲಿ ಒಡೆಯದೆ ಹಾಗೇ ಹೊರಗೆ ಹೋಗುತ್ತದೆ. ಪುರಾವೆ ಎಲ್ಲಿ ಗಟ್ಟಿಯೋ ಬೆಲೆಯೂ ಅಲ್ಲೇ ಕಡಿಮೆ. ಜಾಹೀರಾತಿನವರು ಇಸಬ್ಗೋಲಿನ ಬಗ್ಗೆ ಅಷ್ಟಾಗಿ ಮಾತಾಡದಿರುವುದಕ್ಕೆ ಇದೇ ಕಾರಣವಿರಬೇಕು.

ಈಗ ಕ್ಯಾಪ್ಸೂಲಿನ ಕಡೆ ಬರೋಣ. ನಾನು ಶಿರಸಿ ಸೀಮೆಯವಳು. ಮಳೆಗಾಲದಲ್ಲಿ ನಮ್ಮ ಕಾಡಿನಲ್ಲಿ ಉಪ್ಪಾಗೆ ಹಣ್ಣಾಗುತ್ತದೆ. ಪುಟ್ಟ ಕುಂಬಳದ ಹಾಗೆ ಏಣು ಏಣಾದ ಹಳದಿ ಹಣ್ಣು. ಬಿಸಿಲಿಲ್ಲದ ಕಾಲವಾದ್ದರಿಂದ ಸಿಪ್ಪೆಯನ್ನು ಬೆಂಕಿಯ ಮೇಲೆ ಹರಡಿ ಹೊಗೆಯಲ್ಲಿ ಒಣಗಿಸಬೇಕು. ಒಣಗಿದ ಸಿಪ್ಪೆ ಕಪ್ಪಗೆ, ಮುಟ್ಟಿದರೆ ಅಂಟಂಟು, ಬಾಯಿಗಿಟ್ಟರೆ ಹಲ್ಲು ಚುಳ್ ಅನ್ನುವಷ್ಟು ಹುಳಿ. ಬೀಜದಿಂದ ತೆಗೆದ ಉಪ್ಪಾಗೆ ತುಪ್ಪ ದೋಸೆಗೆ. ಇಷ್ಟೇ ಇದ್ದ ಈ ಹಣ್ಣಿಗೆ 1990ರ ದಶಕದಲ್ಲಿ ಇದ್ದಕ್ಕಿದ್ದಂತೆ ಬೆಲೆ ಬಂತು. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆಂದು ಪರದೇಶದಲ್ಲಿ ಸುದ್ದಿಯಾಗಿತ್ತು. ‘ಗಾರ್ಸೀನಿಯಾ ಕ್ಯಾಂಬೋಜಿಯಾ’ ಎಂಬ ಹೆಸರಿನಲ್ಲಿ ಇವತ್ತೂ ಮಾರಾಟವಾಗುತ್ತಿರುವುದು ಇದೇ ಉಪ್ಪಾಗೆಯ ಸತ್ವ. ನಮ್ಮ ಕಡೆ ಹಣ್ಣಾಗುವ ಮೊದಲೇ ಕೊಯ್ಲು ಮಾಡುವ, ಕೊಂಬೆಗಳನ್ನೇ ಕಡಿದುಹಾಕುವ ಪೈಪೋಟಿ ನಡೆಯಿತು. ಒಣಗಿಸಲೆಂದು ಕಾಡಿನ ಸೌದೆ ರಾಶಿಗಟ್ಟಲೆ ಉರಿಯಿತು.

ಬೊಜ್ಜು ಕರಗಿತೇ? 1998ರಲ್ಲಿ ನ್ಯೂಯಾರ್ಕಿನ ವೈದ್ಯರು ದಪ್ಪಗಿದ್ದ 135 ಜನರನ್ನು ಎರಡು ಗುಂಪು ಮಾಡಿ 12 ವಾರ ಪರೀಕ್ಷಿಸಿದರು. ಎರಡೂ ಗುಂಪಿಗೆ ಒಂದೇ ಪಥ್ಯ. ಒಂದಕ್ಕೆ ಉಪ್ಪಾಗೆಯ ಆಮ್ಲ ದಿನಕ್ಕೆ 1500 ಮಿಲಿಗ್ರಾಂ, ಇನ್ನೊಂದಕ್ಕೆ ಏನೂ ಇಲ್ಲದ ಹುಸಿ ಮಾತ್ರೆ. ಕೊನೆಗೆ ತೂಗಿದಾಗ ಉಪ್ಪಾಗೆ ತೆಗೆದುಕೊಂಡವರು ಸರಾಸರಿ 3.2 ಕಿಲೋ ಇಳಿದಿದ್ದರು, ಹುಸಿ ಮಾತ್ರೆಯವರು 4.1 ಕಿಲೋ. ತೂಕ ಇಳಿಸಿದ್ದು ಪಥ್ಯವೇ ಹೊರತು ಮಾತ್ರೆಯಲ್ಲ. ಆಮೇಲಿನ ವರ್ಷಗಳಲ್ಲಿ ಈ ಸತ್ವವಿರುವ ಮಾತ್ರೆಗಳನ್ನು ನುಂಗಿದವರ ಲಿವರಿಗೆ ಪೆಟ್ಟು ಬಿದ್ದ ವರದಿಗಳು ಹಲವು ದೇಶಗಳಿಂದ ಬಂದಿವೆ. ಸಾರಿಗೆ ಎರಡು ಚೂರು ಉಪ್ಪಾಗೆ ಹಾಕಿ ಉಣ್ಣುತ್ತ ಬಂದ ನಮ್ಮ ಸೀಮೆಯಲ್ಲಿ ಅದಕ್ಕೆ ಯಾರೂ ಹೆದರಿದ್ದಿಲ್ಲ. ಹಣ್ಣು ಅದೇ, ಹೊಟ್ಟೆಗೆ ಹೋಗುವ ರೀತಿ ಬೇರೆ.

ಅರಿಶಿನದ್ದೂ ಇದೇ ಕತೆ. ಮೈಸೂರಿನ ನನ್ನ ಅತ್ತಿಗೆ ಒಮ್ಮೆ ಬಂದಾಗ ಬ್ಯಾಗಿನಿಂದ ಒಂದು ಡಬ್ಬಿ ತೆಗೆದು ತೋರಿಸಿದರು. “ನೋಡು, ಇದ್ರಲ್ಲಿ ಬರೀ ಅರಿಶಿನ, ಮೆಣಸು ಅಷ್ಟೇ. ದಿನಾ ಅಡಿಗೆಗೆ ಹಾಕೋದೇ ತಾನೇ?” ಅಂದರು. “ಸಾರಿಗೆ ಎಷ್ಟು ಅರಿಶಿನ ಹಾಕ್ತೀರಿ ಅತ್ತಿಗೆ?” ಅಂತ ಕೇಳಿದೆ. “ಒಂದು ಚಿಟಿಕೆ.” ಇಬ್ಬರೂ ಕನ್ನಡಕ ಹಾಕಿಕೊಂಡು ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿದೆವು. ಒಂದು ಕ್ಯಾಪ್ಸೂಲಿನಲ್ಲಿ 500 ಮಿಲಿಗ್ರಾಂ ಅರಿಶಿನದ ಸತ್ವ, ಅದರಲ್ಲಿ ಶೇ 95 ಕರ್ಕ್ಯುಮಿನ್. ನಮ್ಮ ಅಡುಗೆಮನೆಯ ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಶೇ 3ರ ಸುಮಾರು. ಲೆಕ್ಕ ಹಾಕಿದರೆ ಒಂದು ಕ್ಯಾಪ್ಸೂಲಿನ ಕರ್ಕ್ಯುಮಿನ್ ಪಡೆಯಲು ಹೆಚ್ಚುಕಡಿಮೆ 15 ಗ್ರಾಂ ಅರಿಶಿನ ಪುಡಿ ತಿನ್ನಬೇಕು. ಅತ್ತಿಗೆ ನುಂಗುತ್ತಿದ್ದದ್ದು ದಿನಕ್ಕೆ ಎರಡು.

ಮೆಣಸಿನ ಪಾತ್ರ ಇನ್ನೂ ದೊಡ್ಡದು. ಅರಿಶಿನ ತಿಂದರೂ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಮೆಣಸಿನ ಖಾರದ ಸತ್ವ, ಕೊಟ್ಟು ನೋಡಿದಾಗ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಶೇ 2000ದಷ್ಟು ಏರಿತು. ಜಗತ್ತಿನಾದ್ಯಂತ ಅರಿಶಿನದ ಮಾತ್ರೆಗಳಿಗೆ ಮೆಣಸಿನ ಸತ್ವ ಸೇರಿಸುವ ರೂಢಿಗೆ ಈ ಪ್ರಯೋಗವೇ ಆಧಾರ. ಆದರೆ ಮೈ ತಾನಾಗಿ ಹೊರಹಾಕುತ್ತಿದ್ದ ವಸ್ತುವನ್ನು ಒಳಗೇ ಉಳಿಸಿಕೊಳ್ಳುವಂತೆ ಮಾಡಿದರೆ ಅದನ್ನು ಅರಗಿಸುವ ಹೊರೆ ಲಿವರಿನ ಮೇಲೆ ಬೀಳುತ್ತದೆ. ಇಟಲಿಯಲ್ಲಿ 2019ರಲ್ಲಿ ಇಂಥ ಮಾತ್ರೆ ತೆಗೆದುಕೊಂಡ ಹಲವರಿಗೆ ಲಿವರ್ ಉರಿಯೂತ ಕಾಣಿಸಿ ಸರ್ಕಾರ ಎಚ್ಚರಿಕೆ ಕೊಡಬೇಕಾಯಿತು. ಅಮೆರಿಕದ ಲಿವರ್ ತಜ್ಞರ ಜಾಲವೂ 2022ರಲ್ಲಿ ಇಂಥ ಪ್ರಕರಣಗಳನ್ನು ವರದಿ ಮಾಡಿತು. ಎಲ್ಲರಿಗೂ ಹೀಗಾಗುವುದಿಲ್ಲ, ಆಗುವವರು ವಿರಳ. ಆದರೆ ಆ ವಿರಳರು ಯಾರೆಂದು ನುಂಗುವ ಮೊದಲು ತಿಳಿಯುವ ದಾರಿ ನಮ್ಮ ಬಳಿ ಇಲ್ಲ. ಅತ್ತಿಗೆ ರಕ್ತ ತೆಳುವಾಗುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರು. ಕರ್ಕ್ಯುಮಿನ್ ಅದರ ಪರಿಣಾಮವನ್ನು ಹೆಚ್ಚಿಸಬಲ್ಲದು. ಡಾಕ್ಟರಿಗೆ ಹೇಳಿದಿರಾ ಅಂದರೆ, “ಔಷಧಿ ಅಲ್ವಲ್ಲ, ಅದಕ್ಕೇ ಹೇಳಲಿಲ್ಲ” ಅಂದರು. ನನಗೆ ಭಯವಾದದ್ದು ಈ ಮಾತಿಗೆ.

ಇತ್ತೀಚಿನ ಸುದ್ದಿಯ ಹೆಸರು ಬರ್ಬರಿನ್. ಹಿಮಾಲಯದ ದಾರುಹರಿದ್ರಾದಲ್ಲೂ ನಮ್ಮ ಪಶ್ಚಿಮಘಟ್ಟದ ಮರದರಿಶಿನದ ಬಳ್ಳಿಯಲ್ಲೂ ಇರುವ ಹಳದಿ ಬಣ್ಣದ ವಸ್ತು ಇದು. 2008ರಲ್ಲಿ ಚೀನಾದಲ್ಲಿ ನಡೆದ ಒಂದು ಸಣ್ಣ ಪ್ರಯೋಗದಲ್ಲಿ 36 ಮಧುಮೇಹಿಗಳಲ್ಲಿ ಇದು ಮೆಟ್‌ಫಾರ್ಮಿನ್ ಮಾತ್ರೆಯಷ್ಟೇ ಸಕ್ಕರೆ ಇಳಿಸಿತು. ಹಾಗಾಗಿ ಬರ್ಬರಿನ್ನಿಗೆ ಶಕ್ತಿಯಿಲ್ಲ ಎಂದು ನಾನು ಹೇಳಲಾರೆ. ಶಕ್ತಿ ಇದೆ ಅನ್ನುವುದೇ ಎಚ್ಚರಕ್ಕೆ ಕಾರಣ. ಲಿವರಿನಲ್ಲಿ ಅನೇಕ ಔಷಧಿಗಳನ್ನು ಅರಗಿಸುವ ಕಿಣ್ವಗಳನ್ನು ಅದು ತಡೆಯುತ್ತದೆ; ಬೇರೆ ಮಾತ್ರೆಗಳು ರಕ್ತದಲ್ಲಿ ಬೇಕಾದ್ದಕ್ಕಿಂತ ಹೆಚ್ಚಾಗಿ ಉಳಿಯಬಹುದು. ಅದೂ ಅಲ್ಲದೆ ಮೆಟ್‌ಫಾರ್ಮಿನ್ ಕೂಡ ಗಿಡದ ಸಂತಾನವೇ. ಯುರೋಪಿನಲ್ಲಿ ಬೆಳೆಯುವ ಗಲೇಗಾ ಎಂಬ ಗಿಡದಲ್ಲಿ ಸಕ್ಕರೆ ಇಳಿಸುವ ವಸ್ತುವಿದೆ, ವಿಷವೂ ಇದೆ. ಆ ವಸ್ತುವಿನ ಜಾಡು ಹಿಡಿದು ಹೊರಟ ರಸಾಯನಶಾಸ್ತ್ರಜ್ಞರು ಅದಕ್ಕಿಂತ ಸುರಕ್ಷಿತವಾದ ರೂಪ ಕಂಡುಕೊಂಡರು. ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ 1957ರಲ್ಲಿ ಅದನ್ನು ಮಧುಮೇಹಿಗಳಿಗೆ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಅಲ್ಲಿಂದ ಇಲ್ಲಿಯವರೆಗೆ ಕೋಟ್ಯಂತರ ಜನ ಬಳಸಿ, ಪ್ರಮಾಣ ಯಾವುದು, ಯಾರಿಗೆ ಕೂಡದು, ಬಹುಕಾಲ ತೆಗೆದುಕೊಂಡರೆ ಬಿ12 ಜೀವಸತ್ವ ಕಡಿಮೆಯಾಗುತ್ತದೆ ಎನ್ನುವುದೆಲ್ಲ ಗೊತ್ತಾಗಿದೆ. ಡಾಕ್ಟರು ಬರೆದುಕೊಟ್ಟ ಈ ಅಗ್ಗದ ಮಾತ್ರೆಯನ್ನು ‘ಕೆಮಿಕಲ್’ ಎಂದು ಬಿಟ್ಟು, ಹತ್ತಾರು ಪಟ್ಟು ಬೆಲೆಯ ಬರ್ಬರಿನ್ನನ್ನು ‘ನೈಸರ್ಗಿಕ’ ಎಂದು ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ವಯಸ್ಸಿನ ಹೆಂಗಸರು ಮುಖ್ಯವಾಗಿ ತಿಳಿಯಬೇಕಾದ ಇನ್ನೆರಡು ಹೆಸರುಗಳಿವೆ. ಒತ್ತಡಕ್ಕೆ, ನಿದ್ದೆಗೆ ಒಳ್ಳೆಯದೆಂದು ಅಶ್ವಗಂಧ ತೆಗೆದುಕೊಳ್ಳುವವರು ಬಹಳ. ಅದು ಥೈರಾಯ್ಡ್ ಹಾರ್ಮೋನಿನ ಮಟ್ಟವನ್ನು ಏರಿಸಬಲ್ಲದೆಂದು ಸಣ್ಣ ಪ್ರಯೋಗಗಳು ತೋರಿಸಿವೆ. ಈಗಾಗಲೇ ಥೈರಾಯ್ಡ್ ಮಾತ್ರೆ ನುಂಗುತ್ತಿರುವವರು ಇದನ್ನು ಸೇರಿಸಿಕೊಂಡರೆ ಎದೆಬಡಿತ ಹೆಚ್ಚಾಗಿ, ಇದ್ದ ನಿದ್ದೆಯೂ ಹೋಗಬಹುದು. ರೋಗನಿರೋಧಕ ಶಕ್ತಿ ಹೆಚ್ಚುತ್ತದೆಂದು ಅಮೃತಬಳ್ಳಿಯ ಕಷಾಯವನ್ನು ಕೋವಿಡ್ ಕಾಲದಲ್ಲಿ ದಿನವೂ ಕುಡಿದ ಕೆಲವರಲ್ಲಿ ಲಿವರ್ ಉರಿಯೂತ ಕಂಡದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಆ ತೀರ್ಮಾನವನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಮೈಯ ರೋಗನಿರೋಧಕ ಶಕ್ತಿಯೇ ತಿರುಗಿಬೀಳುವ ಕಾಯಿಲೆಗಳು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಅಂಥ ಕಾಯಿಲೆ ಇರುವವರು ರೋಗನಿರೋಧಕ ಶಕ್ತಿ ಹೆಚ್ಚಿಸುವ ಯಾವುದನ್ನೂ ಕೇಳದೆ ಮುಟ್ಟದಿರುವುದು ಒಳಿತು.

ಕಾನೂನು ಕಾಯುವುದಿಲ್ಲವೇ ಎಂದು ಕೇಳಬಹುದು. ಮಧುಮೇಹ, ಬೊಜ್ಜು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೊಂದು ನಿಷೇಧಿಸಿದೆ. ಅದಕ್ಕೇ ಜಾಣ ಜಾಹೀರಾತುಗಳು ‘ಗುಣ’ ಎನ್ನುವುದಿಲ್ಲ. ‘ಬೆಂಬಲ’, ‘ಸಮತೋಲನ’ ಎನ್ನುತ್ತವೆ. ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿಯಲ್ಲಿ ಮಾರುವ ಪೂರಕಗಳ ಮೇಲೆ ಇದು ಔಷಧ ಬಳಕೆಗಲ್ಲ ಎಂದು ಬರೆದಿರಲೇಬೇಕು. ಮುಂದುಗಡೆಯ ದೊಡ್ಡಕ್ಷರ ಓದಿ ಕೊಂಡವರು ಹಿಂದುಗಡೆಯ ಈ ಸಾಲನ್ನೂ ಓದಿ. ಹತ್ತು ಗಿಡಗಳ ಹೆಸರು ಹೇಳಿ ಯಾವುದು ಎಷ್ಟೆಂದು ಹೇಳದ, ಒಟ್ಟು ತೂಕ ಮಾತ್ರ ಕೊಟ್ಟ ಮಿಶ್ರಣವಾದರೆ ಅಲ್ಲೇ ಬಿಟ್ಟುಬಿಡಿ.

ಇಷ್ಟಾದ ಮೇಲೂ ತೆಗೆದುಕೊಳ್ಳಲೇಬೇಕೆಂದಿದ್ದರೆ ಔಷಧಿ ತೆಗೆದುಕೊಂಡಷ್ಟೇ ಶಿಸ್ತಿನಿಂದ ತೆಗೆದುಕೊಳ್ಳಿ. ಮೊದಲು ಸೊಂಟದ ಸುತ್ತಳತೆ ಅಳೆದು ಬರೆದಿಡಿ. ನಮ್ಮಲ್ಲಿ ಹೆಂಗಸರಿಗೆ 80 ಸೆಂಟಿಮೀಟರ್ ಮೀರಿದರೆ ಎಚ್ಚರದ ಗಂಟೆ. ಬಿಪಿ, ಸಕ್ಕರೆ, ಕೊಲೆಸ್ಟರಾಲ್, ಥೈರಾಯ್ಡ್, ಲಿವರ್ ಪರೀಕ್ಷೆ ಮಾಡಿಸಿ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 5.7ರ ಕೆಳಗಿದ್ದರೆ ಸರಿ, 6.5 ಮುಟ್ಟಿದರೆ ಮಧುಮೇಹ. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇದ್ದರೆ ಈ ಅಂಕಿ ಇರುವುದಕ್ಕಿಂತ ಹೆಚ್ಚು ತೋರಿಸಬಲ್ಲದು. ರಕ್ತಹೀನತೆ ನಮ್ಮ ಹೆಂಗಸರಲ್ಲಿ ಎಷ್ಟು ಸಾಮಾನ್ಯವೆಂದು ಹೇಳಬೇಕಿಲ್ಲ. ಒಂದು ಸಲಕ್ಕೆ ಒಂದೇ ಪೂರಕ, ಮೂರು ತಿಂಗಳ ಗಡುವು, ಆಮೇಲೆ ಮತ್ತೆ ಪರೀಕ್ಷೆ. ಅಂಕಿ ಕದಲದಿದ್ದರೆ ನಿಲ್ಲಿಸಿ. ನಡುವೆ ವಿಪರೀತ ಸುಸ್ತು, ಮೈತುರಿಕೆ, ಮೂತ್ರ ಕಪ್ಪಾಗುವುದು, ಕಣ್ಣು ಹಳದಿಯಾಗುವುದು ಕಂಡರೆ ಅಂದೇ ನಿಲ್ಲಿಸಿ ಡಬ್ಬಿಯ ಸಮೇತ ಡಾಕ್ಟರ ಬಳಿಗೆ ಹೋಗಿ. ಅವರು ಬರೆದುಕೊಟ್ಟ ಮಾತ್ರೆಯನ್ನು ನೀವಾಗಿ ಬಿಡಬೇಡಿ.

ಕೊನೆಯದಾಗಿ, ಎಲ್ಲರೂ ಬಲ್ಲ, ಯಾರೂ ಕೊಳ್ಳದ ಮದ್ದಿನ ಮಾತು. ಚೆನ್ನೈನ ಡಾಕ್ಟರ್ ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಅಂಚಿನಲ್ಲಿದ್ದ 531 ಜನರನ್ನು ಹಿಂಬಾಲಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಾ ಅರ್ಧ ಗಂಟೆಯ ಬಿರುಸು ನಡಿಗೆ ಮತ್ತು ಊಟದ ತಿದ್ದುಪಡಿಯಿಂದ ಮಧುಮೇಹಕ್ಕೆ ಜಾರುವ ಸಾಧ್ಯತೆ ಶೇ 28.5 ತಗ್ಗಿತು, ಮೆಟ್‌ಫಾರ್ಮಿನ್‌ನಿಂದ ಶೇ 26.4. ನಡಿಗೆಯ ಜೊತೆ ಸ್ನಾಯು ಉಳಿಸುವ ಕಸರತ್ತು ಸೇರಬೇಕು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದರಿಂದಲೇ ಶುರುಮಾಡಬಹುದು. ತಟ್ಟೆಯಲ್ಲಿ ಅನ್ನ ಸ್ವಲ್ಪ ತಗ್ಗಿ ಹೆಸರುಕಾಳು, ಹುರುಳಿ, ಮೊಸರು, ತಿನ್ನುವವರಿಗೆ ಮೊಟ್ಟೆ ಮೀನು ಏರಬೇಕು. ಎಲ್ಲರೂ ಉಂಡ ಮೇಲೆ ಉಳಿದ ಅನ್ನ ಸಾರಲ್ಲಿ ಊಟ ಮುಗಿಸುವ ಹೆಂಗಸಿನ ತಟ್ಟೆಗೆ ಕಾಳು ಪಲ್ಯ ಬರುವುದೇ ಇಲ್ಲ.

ಈ ಮದ್ದನ್ನು ಯಾಕೆ ಯಾರೂ ಕೊಳ್ಳುವುದಿಲ್ಲ? ಕ್ಯಾಪ್ಸೂಲಿಗೆ ಬೇಕಾದ್ದು ದುಡ್ಡು ಮತ್ತು ಒಂದು ಗುಟುಕು ನೀರು. ಅದರಿಂದ ಮನೆಯಲ್ಲಿ ಯಾರ ದಿನಚರಿಯೂ ಬದಲಾಗಬೇಕಿಲ್ಲ. ನಡಿಗೆಗೆ ಬೇಕಾದ್ದು ಬೆಳಗಿನ ಹೊತ್ತು, ಅದು ತಿಂಡಿ, ಡಬ್ಬಿ, ಅತ್ತೆಯವರ ಕಾಫಿ, ಮಕ್ಕಳ ಬಸ್ಸಿನ ನಡುವೆ ಎಂದೋ ಹಂಚಿಹೋಗಿದೆ. ನನಗೆ ಬರುವ ಪತ್ರಗಳನ್ನು ಓದಿದಾಗ ಅನ್ನಿಸುವುದು ಇದು: ಇವರಿಗೆ ತಿಳಿವಳಿಕೆಯ ಕೊರತೆ ಅಷ್ಟಾಗಿ ಇಲ್ಲ, ಕೊರತೆಯಿರುವುದು ತಮ್ಮದೆನ್ನುವ ಒಂದು ಗಂಟೆಗೆ. ‘ವಯಸ್ಸಾಯಿತು, ಇದೆಲ್ಲ ಇದ್ದದ್ದೇ’ ಎಂದು ಮನೆ ಮತ್ತು ಆಸ್ಪತ್ರೆ ಎರಡೂ ಕಡೆ ಕೇಳಿಸಿಕೊಂಡವಳಿಗೆ ‘ನಿನ್ನ ಕಷ್ಟ ನಮಗೆ ಗೊತ್ತು’ ಎಂದು ಹೇಳುವುದು ಜಾಹೀರಾತೊಂದೇ. ಅದನ್ನು ನಂಬಿದಳೆಂದು ಅವಳನ್ನು ಬಯ್ಯುವ ಹಕ್ಕು ಯಾರಿಗೂ ಇಲ್ಲ.

ಆದ್ದರಿಂದ ಈ ವಾರದ ಸಲಹೆ ಪತ್ರ ಬರೆದವರಿಗಿಂತ ಅವರ ಮನೆಯವರಿಗೆ. ಅಮ್ಮನಿಗೋ ಹೆಂಡತಿಗೋ ದುಬಾರಿ ಡಬ್ಬಿ ತಂದುಕೊಡುವ ಬದಲು ವಾರದಲ್ಲಿ ಐದು ದಿನ ಬೆಳಗಿನ ತಿಂಡಿಯ ಹೊಣೆ ನೀವು ಹೊತ್ತುಕೊಳ್ಳಿ. ಅವರ ರಕ್ತಪರೀಕ್ಷೆಯ ದಿನ ಜೊತೆಗೆ ಹೋಗಿ, ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನು, ಗಿಡಮೂಲಿಕೆಯದ್ದನ್ನೂ ಸೇರಿಸಿ, ಡಾಕ್ಟರ ಮೇಜಿನ ಮೇಲಿಡಿ. ಡಬ್ಬಿಗೆ ತೆತ್ತ ದುಡ್ಡಿನಲ್ಲಿ ಅವರಿಗೊಂದು ಒಳ್ಳೆಯ ನಡಿಗೆಯ ಶೂ ಬರುತ್ತದೆ.